ಫಕೀರವ್ವನ ಪಟ್ಟೆ ಎಲುಬು

ನಮ್ಮೂರಲ್ಲಿ ನೆರಳು ಬಿದ್ದರೆ ಅದರೊಳಗೆ ಎಲುಬೂ ಬೀಳುತ್ತದೆ. ಬೇರೆ ಊರಿನಿಂದ ಬಂದ ಬಳೆಗಾರನೊಬ್ಬ ಚಾವಡಿ ಗೋಡೆಯ ಮೇಲೆ ತನ್ನ ಪಕ್ಕೆಲುಬು ಕಂಡು, ಬಳೆಯ ಮಲಾರ ಅಲ್ಲೇ ಬಿಸಾಕಿ ಓಡಿದ. ಅವನು ಓಡಿದಷ್ಟೂ ಎಲುಬು ಅವನ ಬೆನ್ನು ಹತ್ತಿ ಓಡುತ್ತಿತ್ತಲ್ಲ, ಪಾಪ, ಸಮುದ್ರ ಸಿಗುವ ತನಕ ನಿಂತಿರಲಿಕ್ಕಿಲ್ಲ. ನಮಗೆ ಅದೇನು ದೊಡ್ಡದಲ್ಲ. ಕೂಸು ಹುಟ್ಟಿದರೆ ಎಳೆಬಿಸಿಲಿಗೆ ಹಿಡಿದು ಇಡೀ ಓಣಿ ಕೂತು ಅದರ ಬೆರಳೆಲುಬು ಎಣಿಸುತ್ತದೆ. ಒಮ್ಮೆ ನನ್ನ ಅತ್ತೆ, ತಾನು ಮಾವನ ಉಂಗುರ ಕಂಡೇ ಇಲ್ಲ ಎಂದು ದೇವರ ಮೇಲೆ ಆಣೆ ಮಾಡುತ್ತ ಅಂಗಳಕ್ಕೆ ಬಂದಳು. ಗೋಡೆಯ ಮೇಲೆ ಅವಳ ಹೊಟ್ಟೆಯ ನಡುವೆ ಉಂಗುರ ಕರ್ರಗೆ ಕೂತಿತ್ತು. ಆಮೇಲೆ ಅವಳು ಚರಿಗೆ ಹಿಡಿದು ಬಯಲಿಗೆ ಹೊರಟಾಗಲೆಲ್ಲ ಮನೆಮಂದಿ ಹಿಂದೆ ಹೊರಟರು.

ನಾನು ಸಂಕವ್ವ. ಗಂಡ ತೀರಿಕೊಂಡು ಎಷ್ಟೋ ಕಾಲವಾಯಿತು. ಬದುಕಿದ್ದಾಗಲೂ ಆತ ಹೆಚ್ಚು ಮಾತಾಡಿದವನಲ್ಲ, ಹಾಗಾಗಿ ಮನೆಯಲ್ಲಿ ಅಂಥ ಫರಕೇನೂ ಆಗಲಿಲ್ಲ. ಅವನ ಪಾಲಿನ ಮಾತನ್ನು ಆಗಲೂ ನಾನೇ ಆಡುತ್ತಿದ್ದೆ, ಈಗಲೂ ನಾನೇ ಆಡುತ್ತೇನೆ. ಸಾಲೆಯ ಮೆಟ್ಟಿಲು ಹತ್ತಿದವಳಲ್ಲ. ಊರವರಿಗೆ ನನ್ನ ಮಾತಿನ ಮೇಲೆ ಒಂದು ಲೆಕ್ಕವಿದೆ. ನಾನು ಹುಲಿ ಕಂಡೆ ಎಂದರೆ ಬೆಕ್ಕಿಗೆ ಹಾಲಿಡುತ್ತಾರೆ. ನಾನು ಸಾಯಲಿಕ್ಕೆ ಬಿದ್ದಿದ್ದೇನೆ ಎಂದು ಹೇಳಿಕಳಿಸಿದರೆ ಶುಂಠಿ ಕಷಾಯ ಬರುತ್ತದೆ. ನನಗೇನೂ ಬೇಜಾರಿಲ್ಲ. ಸಣ್ಣ ಊರು, ಇದ್ದದ್ದನ್ನು ಇದ್ದಷ್ಟೇ ಹೇಳುತ್ತ ಹೋದರೆ ಮಧ್ಯಾಹ್ನದೊಳಗೆ ಮಾತೆಲ್ಲ ತೀರಿ, ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂರಬೇಕಾಗುತ್ತದೆ.

ಊರಿನ ಬಗಲಲ್ಲಿ ಹಳ್ಳ. ದೋಣಿಗೆ ಸಾಲುವಷ್ಟು ನೀರಿಲ್ಲ, ಬಂಡಿಯನ್ನು ಉಸುಕು ಬಿಡುವುದಿಲ್ಲ. ಸಂತೆ, ಹಿಟ್ಟಿನ ಗಿರಣಿ, ಬೀಗರ ಊರು ಎಲ್ಲ ಆಚೆ ದಂಡೆಗೆ. ಕಾಲಲ್ಲಿ ಕಸುವಿದ್ದವರು ಸೀರೆ, ಧೋತರ ಎತ್ತಿ ದಾಟುತ್ತಾರೆ. ಮುದುಕರು, ಬಸುರಿಯರು, ಸಣ್ಣ ಮಕ್ಕಳು ಫಕೀರವ್ವನ ಬೆನ್ನೇರಿ ದಾಟುತ್ತಾರೆ. ಅವಳ ತಾಯಿಯೂ ಅದನ್ನೇ ಮಾಡಿದವಳು. ಫಕೀರವ್ವನ ಬೆನ್ನೆಂದರೆ ಬೆನ್ನಲ್ಲ, ಜಗಲಿ. ಮೇಲೆ ನಾಲ್ಕು ಮಂದಿ ಎಲೆ ಹಾಸಿ ಊಟ ಮಾಡಬಹುದು. ಗಂಡ ಸತ್ತವಳು, ಮಕ್ಕಳಿಲ್ಲದವಳು, ನನಗಿಂತ ಇಪ್ಪತ್ತು ವರ್ಷಕ್ಕೆ ಸಣ್ಣವಳು. ಅವಳ ಬೆನ್ನೇರಿದವರಿಗೆ ಒಂದು ಗುಣ ಬರುತ್ತಿತ್ತು. ಎದುರಿಗೆ ಮುಖ ಕಾಣುವುದಿಲ್ಲ, ಸುತ್ತ ನೀರಿನ ಸದ್ದು; ಅವಳ ಕಿವಿಯ ಹಿಂದೆ ಬಾಯಿಟ್ಟು, ಮನೆಯಲ್ಲಿ ಆಡಲಾರದ ಮಾತನ್ನೆಲ್ಲ ಆಡಿ, ಆಚೆ ದಂಡೆಗೆ ಹಗುರಾಗಿ ಇಳಿಯುತ್ತಿದ್ದರು. ಫಕೀರವ್ವ ಅದನ್ನು ಯಾರಿಗೂ ಹೇಳುತ್ತಿರಲಿಲ್ಲ. ನನಗೂ ಹೇಳುತ್ತಿರಲಿಲ್ಲ ಎಂಬುದು ನನ್ನ ಜೀವಕ್ಕೆ ದೊಡ್ಡ ಸಂಕಟವಾಗಿತ್ತು.

ಯುಗಾದಿಗೆ ಮುಂಚೆ ಚಾವಡಿ ಗೋಡೆಗೆ ಸುಣ್ಣ ಬಳಿದು, ಬೆಳಗಿನ ಬಿಸಿಲಿಗೆ ಊರಿನವರೆಲ್ಲ ಒಬ್ಬೊಬ್ಬರಾಗಿ ಅದರ ಮುಂದೆ ನಿಲ್ಲಬೇಕು. ಗೋಡೆ ನೋಡುವವನು ಮುದಕಪ್ಪಜ್ಜ. ಹಿಂದೊಮ್ಮೆ ಭರಮಪ್ಪ ಎಂಬ ಹಮಾಲ ಜೋಳದ ಚೀಲ ಹೊತ್ತು ಬರುವಾಗ ಬೆನ್ನು ಕುಸಿದು ಬಿದ್ದ, ಎರಡೂ ಕಾಲು ಹೋದವು. ಆಮೇಲೆ ಬಿಸಿಲಿಗೆ ಹಿಡಿದು ನೋಡಿದರೆ ಬೆನ್ನಿನ ಒಂದು ಎಲುಬು ಇಲಿ ತಿಂದ ರೊಟ್ಟಿಯ ಹಾಗಿತ್ತು. ಅವತ್ತಿನಿಂದ ಈ ರೂಢಿ. ಬೆನ್ನೆಲುಬಿನಲ್ಲಿ ಕುಂದು ಕಂಡವರನ್ನು ಚಾವಡಿಯ ಪಡಸಾಲೆಯಲ್ಲಿ ಗಾದಿ ಹಾಸಿ ಕೂಡಿಸುತ್ತೇವೆ. ಊರೇ ಅವರಿಗೆ ಉಣಿಸುತ್ತದೆ, ತಲೆ ಬಾಚುತ್ತದೆ. ಅವರು ನೀರಿನ ಲೋಟಕ್ಕಿಂತ ಭಾರದ್ದನ್ನು ಎತ್ತಬಾರದು. ಗಾದಿಗೆ ಕೂತವರು ಇದುವರೆಗೆ ಯಾರೂ ಎದ್ದದ್ದಿಲ್ಲ.

ಆ ವರ್ಷ ಫಕೀರವ್ವ ಗೋಡೆಯ ಮುಂದೆ ನಿಂತಳು. ಬೆನ್ನಿನ ನಡುಮಧ್ಯೆ ಒಂದು ಎಲುಬಿನಲ್ಲಿ ಹಿಂದೆಂದೂ ಇಲ್ಲದ ಉದ್ದುದ್ದ ಪಟ್ಟೆ ಕಂಡವು. ಬಾಕಿ ಎಲುಬುಗಳ ಒಳಗೆ ಜರಡಿಯ ಹಾಗೆ ಸಣ್ಣ ಬಲೆ. ಇದೊಂದರಲ್ಲಿ ಮಾತ್ರ ಅಡ್ಡ ಎಳೆಯೇ ಇಲ್ಲ, ಕಿಟಕಿಯ ಸರಳಿನ ಹಾಗೆ ಬರೀ ಉದ್ದ ಎಳೆ, ಅವೂ ದಪ್ಪ ದಪ್ಪ. ಮುದಕಪ್ಪಜ್ಜ ಹುಬ್ಬಿನ ಮೇಲೆ ಕೈಯಿಟ್ಟು ನೋಡಿದ. ಆಮೇಲೆ ಸುಣ್ಣ ಬಳಿದ ಹುಚ್ಚೀರಪ್ಪನ ಕಡೆ ತಿರುಗಿದ.

"ಏನ್ ಸುಣ್ಣ ಬಳದೀಯೋ ಹುಚ್ಚೀರಾ? ಕುಂಚದ ಗೆರಿ ಹಂಗ ಅದಾವಲ್ಲೋ."

"ಅಜ್ಜಾ, ನಾ ಕುಂಚ ಅಡ್ಡ ಎಳದೀನಿ. ಗೆರಿ ಉದ್ದ ಅದಾವ!"

"ಮಾತ ಸಾಕು. ಮತ್ತೊಮ್ಮಿ ಬಳಿ."

ಬಳಿದ. ಒಣಗುವ ತನಕ ಊರೆಲ್ಲ ಕಾದಿತು. ಪಟ್ಟೆ ಹಾಗೇ ಇತ್ತು. ಮತ್ತೆ ಬಳಿಸಿದರು. ಹುಚ್ಚೀರಪ್ಪನ ಮೀಸೆಯೂ ಸುಣ್ಣವಾಯಿತು, ಪಟ್ಟೆ ಮಾತ್ರ ಹೋಗಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಇನ್ನ ಬಳದ್ರ ಗೋಡಿ ದಪ್ಪ ಆಗಿ ಚಾವಡಿ ಒಳಗ ಕುಂಡ್ರಾಕ ಜಾಗ ಉಳ್ಯಾಂಗಿಲ್ಲ. ಉಳದದ್ದು ಫಕೀರಿಗೇ ಬಳದಬಿಡ್ರಿ!"

ಎಲ್ಲರೂ ನಕ್ಕರು, ಫಕೀರವ್ವನೂ ನಕ್ಕಳು. ಮುದಕಪ್ಪಜ್ಜ ನಗಲಿಲ್ಲ. "ತಂಗೀ, ಒಂದ ಹೆಜ್ಜಿ ಬಲಕ್ಕ ಸರಿ" ಎಂದ. ಅವಳು ಸರಿದಳು. ಪಟ್ಟೆಗಳೂ ಅವಳ ಜೊತೆ ಸರಿದವು. ಗೋಡೆಯ ತಪ್ಪು ಅಲ್ಲವೆಂದು ಆಗ ಎಲ್ಲರಿಗೂ ತಿಳಿಯಿತು. ನಗು ಎಲ್ಲಿ ಹೋಯಿತೋ ಕಾಣೆ.

ಗಾದಿ ಹಾಸಿದರು. ಯಾರೂ ಒಂದು ಕೆಟ್ಟ ಮಾತಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು; ಬೈದವರಿಗೆ ತಿರುಗಿ ಬೈಯಲು ಫಕೀರವ್ವನಿಗೆ ಬರುತ್ತದೆ. ಉಪಚಾರ ಮಾಡಿದವರಿಗೆ ಏನು ಮಾಡುವುದು? ಒಬ್ಬಳು ಶಿರಾ ತಂದಳು, ಇನ್ನೊಬ್ಬಳು ಹೋಳಿಗೆ ತಂದಳು. ಅವಳು ತಂಬಿಗೆಗೆ ಕೈ ಚಾಚಿದರೆ ಸುತ್ತ ಹತ್ತು ಕೈ ಚಾಚಿದವು. ಹೊದ್ದುಕೊಳ್ಳುವ ಚಾದರವನ್ನೂ ಇನ್ನೊಬ್ಬರೇ ಎಳೆದು ಹೊದಿಸಿದರು. ಹಳ್ಳದ ಈಚೆಯ ಮುದುಕಿಯರು ಗಿರಣಿಯ ಆಸೆ ಬಿಟ್ಟು ಮೂಲೆಯಲ್ಲಿದ್ದ ಬೀಸುಕಲ್ಲಿನ ಧೂಳು ಕೊಡವಿದರು. ಒಬ್ಬರೂ ಗೊಣಗಲಿಲ್ಲ. ಫಕೀರವ್ವನ ಜೀವ ದೊಡ್ಡದು ಎಂದರು. ಅವರ ಒಳ್ಳೆಯತನ ನೋಡಿ ನನಗೆ ಮೈಯೆಲ್ಲ ಪರಚಿಕೊಳ್ಳುವ ಹಾಗಾಯಿತು.

ನಾನು ಹೋಗಿ ಅವಳ ಪಕ್ಕ ಕೂತೆ.

"ಹ್ಯಾಂಗದಿ ಫಕೀರಿ?"

"ಹಬ್ಬದ ಗೌರಿ ಹಂಗ ಕುಂತೀನಿ ಯಕ್ಕಾ. ಬಂದಾವ್ರು ಕಾಯಿ ಒಡಿಯೂದೊಂದು ಬಾಕಿ ಐತಿ."

"ಬೆನ್ನ ನೋಯ್ತೈತೇನು?"

"ಬೆನ್ನ ನೋಯಂಗಿಲ್ಲ. ಕುಂತು ಕುಂತು ಕುಂಡಿ ನೋಯಾಕತ್ತೈತಿ."

"ಅದನ್ನ ಹೇಳಬೇಕಿಲ್ಲೋ ಅವರಿಗೆ?"

"ಹೇಳೀನಿ. ಭರಮಪ್ಪಗೂ ಮೊದಲ ನೋವಿದ್ದಿಲ್ಲ ಅಂದ್ರು." ಹಳ್ಳದ ಕಡೆ ಮುಖ ಮಾಡಿ, ದನಿ ಇಳಿಸಿ ಹೇಳಿದಳು. "ಯಕ್ಕಾ, ಬೆನ್ನ ಖಾಲಿ ಖಾಲಿ ಅನಸ್ತೈತಿ. ಕಿವಿನೂ ಖಾಲಿ. ಇಲ್ಲಿ ಎಲ್ಲಾರೂ ನನ್ನ ಮುಖ ನೋಡಿ ಮಾತಾಡ್ತಾರ. ಮುಖ ನೋಡಿ ಯಾರ ಖರೇ ಹೇಳ್ತಾರ? ನಾ ಹಿಂಗ ಸಾಯೂ ಮಟಾ ಕುಂಡ್ರೂದಾದ್ರ, ಈಗ ಸತ್ತಂಗ ಅಲ್ಲೇನು?"

ಅವಳ ಕಾಲ ಮೇಲಿಂದ ಜಾರಿದ್ದ ಚಾದರವನ್ನು ನಾನೂ ಎಳೆದು ಹೊದಿಸಿಬಿಟ್ಟೆ.

ಮುದಕಪ್ಪಜ್ಜನಿಗೂ ಊಟ ಸೇರುತ್ತಿರಲಿಲ್ಲ ಎಂದು ಕಾಣುತ್ತದೆ. ಒಂದು ದಿನ ಕೋಲೂರಿಕೊಂಡು ಬಂದು ಗಾದಿಯ ಮುಂದೆ ಕುಕ್ಕರಗಾಲಲ್ಲಿ ಕೂತ. "ತಿಂದ ಎಲುಬು ನಾ ಬಲ್ಲೆ, ಮುರದ ಎಲುಬು ಬಲ್ಲೆ. ನಿಂದು ತಿಂದದ್ದಲ್ಲ, ಮುರದದ್ದೂ ಅಲ್ಲ. ಮಧ್ಯಾಹ್ನದ ಬಿಸಲಾಗ ಒಮ್ಮಿ ನೋಡೂಣು ಬಾ ತಂಗೀ" ಎಂದ.

ಸೂರ್ಯ ನೆತ್ತಿಗೆ ಬಂದಾಗ ನಮ್ಮ ನೆರಳು ಕಾಲ ಕೆಳಗೆ ಊಟದ ಗಂಗಾಳದಷ್ಟಾಗುತ್ತದೆ. ಬೆನ್ನೆಲುಬನ್ನು ಸೌತೆಕಾಯಿಯ ಹಾಗೆ ಅಡ್ಡ ಕೊಯ್ದು ಇಟ್ಟಂತೆ ಕಾಣುತ್ತದೆ. ಫಕೀರವ್ವ ಕಲ್ಲುಹಾಸಿನ ಮೇಲೆ ನಿಂತಳು. ಗೋಡೆಯ ಮೇಲೆ ಪಟ್ಟೆಯಾಗಿ ಕಂಡದ್ದು ಇಲ್ಲಿ ಚುಕ್ಕಿ ಚುಕ್ಕಿಯಾಗಿ ಕಂಡಿತು, ಗುಂಡಗಿನ ಎಲುಬಿನ ತುಂಬ ಕಪ್ಪು ಚುಕ್ಕಿ.

"ದೇವರು ರಂಗೋಲಿಗೆ ಚುಕ್ಕಿ ಇಟ್ಟಾನ, ಎಳಿ ಎಳಿಯೂದು ಮರತಾನ" ಎಂದೆ.

"ಕಂಬಾನ ಮ್ಯಾಲಿಂದ ನೋಡಿದ್ರ ಚುಕ್ಕಿ ಕಾಣ್ತೈತಿ" ಎಂದ ಮುದಕಪ್ಪಜ್ಜ, ನನ್ನ ಮಾತು ಕೇಳಿಸಿಯೇ ಇಲ್ಲವೆಂಬಂತೆ. "ಸಣ್ಣ ಎಳಿ ಹೋಗ್ಯಾವ, ದಪ್ಪ ಕಂಬ ನಿಂತಾವ. ಆ ಕಂಬದ ನಡುವ ಏನ್ ತುಂಬೇತಿ? ಕೊಬ್ಬೋ, ಕೆಟ್ಟ ಗಂಟೋ? ಅದು ಬಿಸಲಿಗೆ ತಿಳ್ಯಾಂಗಿಲ್ಲ. ನೀರಿಗೆ ತಿಳೀತೈತಿ."

ನೀರು ಎಂದ ಕೂಡಲೇ ಸುತ್ತ ನಿಂತವರು ನೆಲ ನೋಡಿದರು. ಹರಿಯುವ ಹಳ್ಳ ಯಾರ ಗುಟ್ಟನ್ನೂ ಹಿಡಿಯುವುದಿಲ್ಲ. ಆದರೆ ಮೇಲುಗಡೆ ಬಂಡೆಗಳ ನಡುವೆ ನಿಂತ ನೀರಿನ ಮಡುವಿದೆ. ಬಿಸಿಲು ಎಲುಬು ತೋರಿಸಿದರೆ ಮಡು ಒಳಗಿನ ಮೆತ್ತನೆಯದನ್ನೆಲ್ಲ ತೋರಿಸುತ್ತದೆ. ಕೇಡಿಲ್ಲದ ಕೊಬ್ಬು ಬೆಳ್ಳಗೆ ಕಾಣುತ್ತದೆ, ಕೆಟ್ಟ ಗಂಟು ಕಪ್ಪಗೆ ಕಾಣುತ್ತದೆ. ಗಂಡ ಹೆಂಡತಿ ಒಬ್ಬರದನ್ನೊಬ್ಬರು ನೋಡಬಹುದು, ತಾಯಿ ಮಕ್ಕಳದನ್ನು ನೋಡಬಹುದು. ಬೇರೆಯವರು ನೋಡಿದರೆ ಸೀರೆ ಸೆಳೆದಷ್ಟೇ ಕೆಟ್ಟದ್ದು. ಫಕೀರವ್ವನಿಗೆ ಆ ಹಕ್ಕಿನವರು ಯಾರೂ ಉಳಿದಿರಲಿಲ್ಲ. ತನ್ನ ಬೆನ್ನನ್ನು ತಾನೇ ನೋಡಿಕೊಳ್ಳುವ ಕುತ್ತಿಗೆಯನ್ನು ದೇವರು ಯಾರಿಗೂ ಕೊಟ್ಟಿಲ್ಲ.

"ನೀನ ಒಬ್ಬರನ್ನ ಆರಿಸ್ಕೊ ತಂಗೀ. ಊರು ಒಪ್ಪತೈತಿ" ಎಂದ ಅಜ್ಜ.

"ಸಂಕಕ್ಕ ನೋಡ್ಲಿ."

ಹುಚ್ಚೀರಪ್ಪ ಹಣೆ ಬಡಿದುಕೊಂಡ. "ಯವ್ವಾ, ಊರಾಗ ಬ್ಯಾರೆ ಕಣ್ಣ ಇಲ್ಲೇನು? ಈಕಿ ನಿನ್ನ ಬೆನ್ನಾಗ ಅರಮನಿ ಕಂಡೆ ಅಂತಾಳ, ಬಾಗಲಿಗೆ ಆನಿ ಕಟ್ಟ್ಯಾರ ಅಂತಾಳ!"

"ಆಕಿ ಇದ್ದದ್ದನ್ನ ದೊಡ್ಡದು ಮಾಡಿ ಹೇಳ್ತಾಳ" ಎಂದಳು ಫಕೀರವ್ವ. "ಇಲ್ಲದ್ದನ್ನ ಹೇಳಂಗಿಲ್ಲ."

ನನ್ನನ್ನು ಅಷ್ಟು ಸರಿಯಾಗಿ ಯಾರೂ ಕಂಡಿರಲಿಲ್ಲ. ನನ್ನ ಗಂಡನೂ ಕಂಡಿರಲಿಲ್ಲ.

ಗಾಳಿ ನಿಂತ ಒಂದು ಬೆಳಿಗ್ಗೆ ನಾವಿಬ್ಬರೇ ಮಡುವಿಗೆ ಹೋದೆವು. ನೀರಿನ ಮೇಲೆ ಚಾಚಿಕೊಂಡ ಬಂಡೆಯಲ್ಲಿ ಅವಳು ನೀರಿಗೆ ಬೆನ್ನು ಮಾಡಿ ಕೂತು, ಕುಪ್ಪಸ ಸಡಿಲಿಸಿ, ಎರಡೂ ಕೈ ನನಗೆ ಕೊಟ್ಟು ಹಿಂದಕ್ಕೆ ವಾಲಿದಳು. ನಾನು ಕಾಲೂರಿ ಹಿಡಿದುಕೊಂಡು ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದೆ. ಮೊದಲು ನನಗೆ ನಾಚಿಕೆಯಾಯಿತು. ಆಮೇಲೆ ನಾಚಿಕೆ ಮರೆತುಹೋಯಿತು. ಎಲುಬುಗಳು ಒಂದರ ಮೇಲೊಂದು ಇಟ್ಟ ಮಣ್ಣಿನ ಇಟ್ಟಿಗೆಯ ಹಾಗೆ ಮಸುಕು ಮಸುಕಾಗಿ ನಿಂತಿದ್ದವು. ಅವುಗಳ ನಡುವೆ ಒಂದು ಬೆಳ್ಳಗಿತ್ತು.

"ಏನ್ ಕಾಣ್ತೈತಿ ಯಕ್ಕಾ?"

ನನ್ನ ನಾಲಿಗೆಯ ತುದಿಗೆ ಹುಣ್ಣಿಮೆ ಚಂದ್ರ ಬಂದು ಕೂತ. ಅವನ ಹಿಂದೆ ದೀಪದ ಕಂಬ ಬಂತು, ಮಲ್ಲಿಗೆಯ ತೋಟ ಬಂತು. ಅವಳ ಕೈ ನನ್ನ ಕೈಯಲ್ಲಿ ಬೆವರುತ್ತಿತ್ತು. ಚಂದ್ರನನ್ನೂ ತೋಟವನ್ನೂ ನುಂಗಿಕೊಂಡೆ. ನುಂಗುವುದು ಎಷ್ಟು ಕಷ್ಟ ಎಂದರೆ, ನನ್ನ ಅತ್ತೆಗೆ ಉಂಗುರ ನುಂಗುವಾಗಲೂ ಅಷ್ಟು ಕಷ್ಟ ಆಗಿರಲಿಕ್ಕಿಲ್ಲ.

"ಬೆಣ್ಣಿ ಹಂಗ ಬೆಳ್ಳಗೈತಿ. ಎಲುಬಿನ ಅಂಚು ದಾಟಿ ಹೊರಗ ಬಂದಿಲ್ಲ. ಅದರ ಹಿಂದಿನ ನರದ ಹುರಿ ಸೀದಾ ಇಳದೈತಿ, ಎಲ್ಲೂ ಒತ್ತಿಲ್ಲ. ಒಂದ ಮೂಲ್ಯಾಗ ಉಗರಿನಷ್ಟು ಬೂದಿ ಬಣ್ಣ ಐತಿ."

"ಮತ್ತ?"

"ಮತ್ತೇನಿಲ್ಲ."

"ಇಷ್ಟ?"

"ಇಷ್ಟ."

ಅವಳು ಆಕಾಶ ನೋಡುತ್ತ ಹಾಗೇ ವಾಲಿಕೊಂಡಿದ್ದಳು. ನನ್ನ ರಟ್ಟೆ ಕಳಚಿ ಬೀಳುವ ಹೊತ್ತಿಗೆ "ಎತ್ತು" ಎಂದಳು.

ಚಾವಡಿಗೆ ಬಂದು ಊರವರ ಮುಂದೆ ಅದನ್ನೇ ಹೇಳಿದೆ. ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. ಹೇಳಿ ಮುಗಿಸಿದೆ, ಎಲ್ಲರೂ ಕುಣಿಯುತ್ತಾರೆ ಎಂದುಕೊಂಡೆ. ಆದರೆ ಹಿಂದಿನಿಂದ ಯಾರೋ ಬಿಕ್ಕಿದರು.

"ಸಂಕವ್ವ ಇಷ್ಟ ಸಣ್ಣಾಗಿ ಯಾವಾಗ ಮಾತಾಡ್ಯಾಳ?" ಎಂದ ಹುಚ್ಚೀರಪ್ಪ, ಟವೆಲಿನಿಂದ ಕಣ್ಣೊತ್ತಿಕೊಳ್ಳುತ್ತ. "ಏನೋ ಕೆಟ್ಟದ್ದು ಕಂಡಾಳ. ಮುಚ್ಚಿಡಾಕತ್ತಾಳ."

"ಬೆಣ್ಣಿ ಹಂಗ ಐತಿ ಅಂದ್ನಲ್ಲೋ, ಕತ್ತಿ ಮಗನ!"

"ಬೂದಿ ಅಂದ್ಯಲ್ಲ. ಉಗರಿನಷ್ಟು ಅಂದಿ. ನೀ ಯಾವತ್ತಾರ ಉಗರಿನಷ್ಟು ಅಂದೀಯೇನು?"

ಮುದಕಪ್ಪಜ್ಜ ನನ್ನ ಹತ್ತಿರ ಬಗ್ಗಿ ಬೇಡಿಕೊಂಡ. "ಸಂಕವ್ವಾ, ಒಮ್ಮಿ ನಿನ್ನ ಮಾತಿನಾಗ ಹೇಳಬೇ. ನಮಗ ತಿಳೀಲಿ."

ಸರಿ ಎಂದು, ನುಂಗಿದ ಚಂದ್ರನನ್ನು ಹೊರತೆಗೆದೆ. ಅವಳ ಬೆನ್ನಿನೊಳಗೆ ಹುಣ್ಣಿಮೆ ಇಳಿದಿದೆ ಎಂದೆ, ಆ ಬೆಳಕಿಗೆ ಮಡುವಿನ ಮೀನುಗಳಿಗೆ ನಿದ್ದೆ ಬಂದಿಲ್ಲ ಎಂದೆ. ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡರು. "ಪಾಪ, ಸಮಾಧಾನ ಮಾಡಾಕತ್ತಾಳ" ಎಂದರು. ಸಣ್ಣದಾಗಿ ಹೇಳಿದರೆ ಮುಚ್ಚಿಟ್ಟೆ, ದೊಡ್ಡದಾಗಿ ಹೇಳಿದರೆ ಸಮಾಧಾನ ಮಾಡಿದೆ. ಜೀವಮಾನವಿಡೀ ನಾನೇ ಹೊಲಿದ ಚೀಲ, ಅದರೊಳಗೆ ನಾನೇ ಸಿಕ್ಕಿಕೊಂಡಿದ್ದೆ. ಸಂಜೆಗೆ ಫಕೀರವ್ವನ ಗಾದಿಯ ಮೇಲೆ ಇನ್ನೊಂದು ಗಾದಿ ಬಂತು.

ಅವಳು ಅದರ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದಳು. ಸಿಟ್ಟಿರಲಿಲ್ಲ. ಅದೇ ನನಗೆ ತಾಳಲಾಗಲಿಲ್ಲ.

ಮರುದಿನ ಬೆಳಿಗ್ಗೆ ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆ ಉಟ್ಟು ಚಾವಡಿಗೆ ಹೋದೆ. "ನಾ ಆಚಿ ದಂಡಿಗೆ ಹೋಗಬೇಕು. ಫಕೀರಿ, ಏಳು" ಎಂದೆ.

ಊರು ಬಾಯಿ ತೆರೆಯಿತು. ನಾನು ಹಳ್ಳ ದಾಟಿದವಳೇ ಅಲ್ಲ. ನೀರೆಂದರೆ ನನಗೆ ಎಂಥ ಭಯವೆಂದರೆ, ಎರೆದುಕೊಳ್ಳುವಾಗಲೂ ಒಂದು ಕೈಯಲ್ಲಿ ಬಚ್ಚಲಿನ ಬಾಗಿಲು ಹಿಡಿದುಕೊಂಡಿರುತ್ತೇನೆ. ಇದು ಉತ್ಪ್ರೇಕ್ಷೆಯಲ್ಲ, ಊರಿಗೆಲ್ಲ ಗೊತ್ತಿದ್ದ ಸಂಗತಿ. ಮೇಲಾಗಿ ನನ್ನ ಮೈ. ಅಕ್ಕಿ ಚೀಲವೊಂದಕ್ಕೆ ಸೀರೆ ಉಡಿಸಿದರೆ ನಾನು ಅದರ ಅಕ್ಕನ ಹಾಗೆ ಕಾಣುತ್ತೇನೆ.

"ಆಚಿ ದಂಡ್ಯಾಗ ನಿನಗೇನ್ ಕೆಲಸ?" ಎಂದ ಮುದಕಪ್ಪಜ್ಜ.

"ಹೋದ ಮ್ಯಾಲ ನೆನಪ ಮಾಡ್ಕೋತೀನಿ."

"ನಡು ಹಳ್ಳದಾಗ ಬೆನ್ನ ಕುಸದ್ರ ಇಬ್ಬರೂ ಸೆಳವಿಗೆ ಹೋಗ್ತೀರಿ."

"ಹೌದು. ನೋಡಿದಾಕಿ ನಾನು. ನಾ ಹೇಳಿದ್ದು ಸುಳ್ಳಾದ್ರ ಮೊದಲ ಮುಳಗಾಕಿನೂ ನಾನ. ನಿನಗ ನನ್ನ ಮಾತಿನ ಮ್ಯಾಲ ನಂಬಿಕಿಲ್ಲ, ಬ್ಯಾಡ ಬಿಡು. ನನ್ನ ಜೀವದ ಆಸೆ ಮ್ಯಾಲಾರ ಐತಿಲ್ಲೋ ಅಜ್ಜಾ?"

ಅಜ್ಜ ನನ್ನನ್ನು ನೋಡಿದ. ಚಾವಡಿಯ ಕಂಬ ಬಿಗಿಯಾಗಿ ಹಿಡಿದಿದ್ದ ನನ್ನ ಕೈ ನೋಡಿದ. ಬಹಳ ಹೊತ್ತು ನೋಡಿದ ಮೇಲೆ, ದಾರಿಗೆ ಅಡ್ಡವಾಗಿದ್ದ ತನ್ನ ಕೋಲನ್ನು ಎಳೆದುಕೊಂಡ.

ಫಕೀರವ್ವ ಎದ್ದಳು. ಸೀರೆ ಕಚ್ಚೆ ಹಾಕಿ ಬಿಗಿದಳು. ಹಳ್ಳದ ಅಂಚಿನಲ್ಲಿ ನನಗೆ ಬೆನ್ನು ಮಾಡಿ ಬಗ್ಗಿದಳು. ನಾನು ಕಣ್ಣು ಮುಚ್ಚಿ, ನನಗೆ ಗೊತ್ತಿದ್ದ ದೇವರುಗಳನ್ನೆಲ್ಲ ಕರೆದು, ಗೊತ್ತಿಲ್ಲದವರನ್ನೂ ಕರೆದು ಏರಿದೆ. ಅವಳು ಒಮ್ಮೆ ಹೂಂಕರಿಸಿ ನೆಟ್ಟಗಾದಳು. ದಂಡೆಯಲ್ಲಿ ಒಬ್ಬರೂ ಉಸಿರಾಡಲಿಲ್ಲ.

ಉಸುಕಿನಲ್ಲಿ ಅವಳ ಹೆಜ್ಜೆ ಊರುವುದು ನನ್ನ ಹೊಟ್ಟೆಗೆ ತಿಳಿಯುತ್ತಿತ್ತು. ನೀರಿನ ಸದ್ದು ಸುತ್ತಿಕೊಂಡಿತು. ನಡು ಹಳ್ಳಕ್ಕೆ ಬಂದಾಗ ಅವಳು ನಿಂತುಬಿಟ್ಟಳು. ಹಿಂದೆ ದಂಡೆಯಲ್ಲಿ ಯಾರೋ ಕೂಗಿದರು.

"ಯಾಕಬೇ? ಏನಾತು?" ಎಂದೆ.

"ಏನಿಲ್ಲ. ಒಂದ ಮಾತ ಕೇಳ್ಲೇನು?"

"ದಂಡಿಗೆ ಹೋಗಿ ಕೇಳಬೇ ನಮ್ಮವ್ವ!"

"ಇಲ್ಲೇ ಕೇಳಬೇಕು. ಮಡುವಿನಾಗ ಕಪ್ಪಗ ಕಂಡಿದ್ರ ನನಗ ಹೇಳ್ತಿದ್ದೇನು?"

ಅವಳ ಮುಖ ನನಗೆ ಕಾಣುತ್ತಿರಲಿಲ್ಲ. ಕಿವಿ ಮಾತ್ರ ಕಾಣುತ್ತಿತ್ತು, ಅದರ ಹಿಂದೆ ಒಂದು ಬಿಳಿ ಕೂದಲು.

"ಇಲ್ಲ" ಎಂದೆ. "ಹೇಳ್ತಿದ್ದಿಲ್ಲ."

"ಬೆನ್ನ ಹತ್ತತಿದ್ದೇನು?"

"ನನಗೇನ್ ಹುಚ್ಚ ಹಿಡದೈತೇನು?"

ಅವಳು ನಕ್ಕಳು. ನಗು ಬೆನ್ನಿನಿಂದ ಎದ್ದು ಬಂತು, ನಾನು ಅವಳ ಕುತ್ತಿಗೆ ಹಿಸುಕುವಷ್ಟು ಬಿಗಿಯಾಗಿ ಹಿಡಿದುಕೊಂಡೆ.

"ಆ ಬೂದಿ ಬಣ್ಣ?" ಎಂದಳು, ನಗು ನಿಂತ ಮೇಲೆ.

"ಐತಿ. ಮುಂದಿನ ವರ್ಷ ಮತ್ತ ಮಡುವಿಗೆ ಹೋಗೂಣು. ಬೆಳದಿದ್ರ ಬೆಳದೈತಿ ಅಂತೀನಿ. ಇದ್ದಂಗ ಇದ್ರ ಇದ್ದಂಗ ಐತಿ ಅಂತೀನಿ."

"ಹೇಳಂಗಿಲ್ಲ ಅಂದಿ ಈಗ."

"ಈಗ ಹೇಳ್ತೀನಿ ಅನ್ನಾಕತ್ತೀನಿ. ನಡೀಬೇ, ಸಾಯ್ತೀನಿ!"

ಅವಳು ನಡೆದಳು. ಆಚೆ ದಂಡೆಯ ಉಸುಕಿಗೆ ನನ್ನನ್ನು ಇಳಿಸಿದಳು. ಮೊಣಕಾಲು ಹಿಡಿದು ಸ್ವಲ್ಪ ದಮ್ಮು ತೆಗೆದುಕೊಂಡು ತಿರುಗಿ ನೋಡಿದಳು. ಊರಿನ ದಂಡೆಯಲ್ಲಿ ಮಂದಿ ಇನ್ನೂ ಗುಂಪಾಗಿ ನಿಂತಿದ್ದರು. ಗುಂಪಿನ ಮುಂದೆ ಮುದಕಪ್ಪಜ್ಜ ಕೋಲನ್ನು ಹುಚ್ಚೀರಪ್ಪನ ಕೈಗೆ ಕೊಟ್ಟು, ಧೋತರದ ತುದಿ ಮೇಲಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ. ಅವನ ಹಿಂದೆ ಜೋಳದ ಬುಟ್ಟಿ ಹಿಡಿದ ಮುದುಕಿಯೊಬ್ಬಳು ಬಂದು ನಿಂತಳು.

"ಬರ್ತೀನಿ ಯಕ್ಕಾ" ಎಂದಳು ಫಕೀರವ್ವ. "ಮಂದಿ ಕಾಯಾಕತ್ತಾರ."

ನಾನು ತಿರುಗಿ ಹೇಗೆ ಬರುವುದು ಎಂದು ಅವಳು ಕೇಳಲಿಲ್ಲ. ನೀರಿಗಿಳಿದು ಹೋದಳು. ನಾನು ಒದ್ದೆ ಸೆರಗು ಹಿಂಡಿಕೊಂಡು ಉಸುಕಿನಲ್ಲಿ ಕೂತೆ. ಆ ದಂಡೆಯಲ್ಲಿ ನನಗೆ ಏನೂ ಕೆಲಸವಿರಲಿಲ್ಲ. ಅಜ್ಜನನ್ನು ಹೊತ್ತು ಅವಳು ನಡು ಹಳ್ಳಕ್ಕೆ ಬಂದಾಗ, ಅವನು ಅವಳ ಕಿವಿಯ ಹತ್ತಿರ ಬಾಯಿ ತಂದು ಏನೋ ಹೇಳುತ್ತಿದ್ದ. ಅವಳು ತಲೆಯಾಡಿಸುತ್ತ ಬರುತ್ತಿದ್ದಳು.